ಪಿಎಚ್‌ಪಿ 8ಕ್ಕೆ ಹೋದ ಮೇಲೆ ಹಾಲಿನ ಸೊಸೈಟಿ ಫಾರ್ಮ್ ಕೈಕೊಟ್ಟಿದೆ. ಫಾರ್ಮ್‌ನಲ್ಲಿ ಬಂದದ್ದನ್ನು ಸರಿಯಾಗಿ ಓದುವುದು ಹೇಗೆ?

ಕೊಟ್ಟಿಗೆಮನೆ · ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನನ್ನ ಹಗಲಿನ ಕೆಲಸ ಬೇರೆ. ರಾತ್ರಿ ಹೊತ್ತು ನಮ್ಮೂರ ಹಾಲಿನ ಸೊಸೈಟಿಯ ವೆಬ್ ಪುಟ ನೋಡಿಕೊಳ್ಳುವುದು ನನ್ನ ತಲೆಗೆ ಬಿದ್ದಿದೆ. 2011ರಲ್ಲಿ ಯಾರೋ ಬರೆದುಕೊಟ್ಟದ್ದು, ಅವರು ಈಗ ಗಲ್ಫಿನಲ್ಲಿ ಎಲ್ಲಿಯೋ ಇದ್ದಾರೆ. ಭಾಷೆ ಪಿಎಚ್‌ಪಿ, ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್. ಹೊಸ ಸದಸ್ಯರ ಅರ್ಜಿಗೆ ಒಂದು ಫಾರ್ಮ್, ದಿನದ ಹಾಲಿನ ಲೆಕ್ಕಕ್ಕೆ ಇನ್ನೊಂದು.

ಕಳೆದ ವಾರ ಹೋಸ್ಟಿಂಗ್‌ನವರು 7.4ರಿಂದ 8.2ಕ್ಕೆ ಏರಿಸಿ ಬೇರೆ ಸರ್ವರಿಗೆ ಹಾಕಿದರು. ಈಗ ಅರ್ಜಿ ಕಳಿಸಿದರೆ ಪುಟದ ತಲೆಯ ಮೇಲೆ "ಅನ್‌ಡಿಫೈನ್ಡ್ ಅರೇ ಕೀ" ಅಂತ ಆರೇಳು ಸಾಲು. ಅದಾದರೂ ಆದೀತು. ದನದ ತಳಿ ಟಿಕ್ ಮಾಡಿದ ಅರ್ಜಿಗಳು ಪೂರ್ತಿ ಸತ್ತೇ ಹೋಗುತ್ತವೆ, "ಟೈಪ್ ಎರರ್" ಅಂತ. ಇನ್ನೊಂದು ವಿಚಿತ್ರ ಉಂಟು ಮಾರಾಯ್ರೆ: ಈ ವಾರ ಸೇರಿದ ಡಿ'ಸೋಜರ ಪಾಸ್‌ಬುಕ್ಕಿನಲ್ಲಿ ಹೆಸರು ಡಿ'ಸೋಜ ಅಂತ ಅಚ್ಚಾಗಿದೆ. ಹಳೆಯ ಡಿ'ಸೋಜಗಳೆಲ್ಲ ಸರಿ ಇದ್ದಾರೆ.

ಕೋಡಿನ ಶುರುವಿನಲ್ಲೇ ಪೋಸ್ಟ್‌ನಲ್ಲಿ (ಫಾರ್ಮ್ ತುಂಬಿ ಕಳಿಸಿದ್ದು ಪಿಎಚ್‌ಪಿಗೆ ಸಿಗುವ ಜಾಗ) ಬಂದ ಎಲ್ಲವನ್ನೂ ಒಟ್ಟಿಗೆ ಟ್ರಿಮ್ ಮಾಡಿ (ಆಚೀಚೆಯ ಖಾಲಿ ಜಾಗ ತೆಗೆದು), ಅದಕ್ಕೆ ಉದ್ಧರಣ, ಕೋನ ಆವರಣಗಳನ್ನು ಸಂಕೇತಗಳಾಗಿ ಬದಲಿಸುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಹಾಕಿ, ಆಮೇಲೆ ಡೇಟಾಬೇಸಿಗೆ ತುಂಬುತ್ತಾರೆ. ಇಷ್ಟು ಮಾಡಿದರೆ ಭಯ ಇಲ್ಲ ಅಂತ ನಾನೂ ತಿಳಿದಿದ್ದೆ. ಕೋಡ್ ಇಲ್ಲಿ ಅಂಟಿಸಲು ನೋಡಿದೆ, ಈ ತಾಣ ಅರ್ಧ ನುಂಗಿ ಹಾಕಿತು. ಹಾಗಾಗಿ ಬಾಯಿಮಾತಿನಲ್ಲೇ ಹೇಳಿದ್ದೇನೆ.

ಮಸಾಲೆಪುರಿ · 9:20

ಸಿಂಪಲ್ ಗುರು. ಪೋಸ್ಟ್ ಇರೋ ಕಡೆಯೆಲ್ಲ ಮುಂದೆ ಒಂದು @ ಹಾಕ್ಬಿಡು. ವಾರ್ನಿಂಗ್ ಮಾಯ. ಊಟ ಮಾಡಿ ಮಲ್ಕೋ.

ಹಳೇಸರ್ವರ್ · 9:41

@ ಹಾಕಬೇಡಿ. ಗಾಯದ ಮೇಲೆ ಶಾಲು ಹೊದಿಸಿದ ಹಾಗೆ ಅದು.

ಮೊದಲು ಇವತ್ತೇ ಒಂದು ಕೆಲಸ ಮಾಡಿ: ಡಿಸ್‌ಪ್ಲೇ ಎರರ್ಸ್ ಆಫ್ ಮಾಡಿ, ಎರರ್ ಲಾಗ್ ಆನ್ ಮಾಡಿ. ಆ ವಾರ್ನಿಂಗ್ ಸಾಲುಗಳಲ್ಲಿ ನಿಮ್ಮ ಸರ್ವರಿನ ಫೋಲ್ಡರ್ ದಾರಿ ಊರಿಗೆಲ್ಲ ಕಾಣಿಸುತ್ತಿದೆ. ಹಳೆಯ ಸರ್ವರಿನಲ್ಲಿ ಅದು ಆಫ್ ಇದ್ದಿರಬೇಕು, ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ದೋಷ ಹೊಸದಲ್ಲ. 8.0ರಲ್ಲಿ ಅದೇ ದೂರು ನೋಟಿಸ್‌ನಿಂದ ವಾರ್ನಿಂಗ್‌ಗೆ ಬಡ್ತಿ ಪಡೆಯಿತು, ಅಷ್ಟೆ.

ಕೀ, ಅಂದರೆ ಖಾನೆಯ ಹೆಸರು, ಯಾಕೆ ಇರುವುದಿಲ್ಲ ಅನ್ನುವುದನ್ನು ನೋಡೋಣ. ಟಿಕ್ ಮಾಡದ ಚೆಕ್‌ಬಾಕ್ಸನ್ನು ಬ್ರೌಸರ್ ಕಳಿಸುವುದೇ ಇಲ್ಲ. "ಬೇಡ" ಅಂತ ಕಳಿಸುವುದೂ ಇಲ್ಲ, ಅದರ ಹೆಸರನ್ನೇ ಎತ್ತುವುದಿಲ್ಲ. ಡಿಸೇಬಲ್ ಮಾಡಿದ ಖಾನೆಯೂ ಹಾಗೆಯೇ. ಖಾಲಿ ಬಿಟ್ಟ ಹೆಸರಿನ ಖಾನೆ ಮಾತ್ರ ಖಾಲಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಬರುತ್ತದೆ. ಯಾರಾದರೂ ಫಾರ್ಮ್ ತೆರೆಯದೆ ನೇರವಾಗಿ ಆ ಪುಟದ ವಿಳಾಸ ಹೊಡೆದರೆ ಏನೂ ಬರುವುದಿಲ್ಲ. ಬರಲೇ ಇಲ್ಲ ಅನ್ನುವುದು ಒಂದು, ಖಾಲಿಯಾಗಿ ಬಂತು ಅನ್ನುವುದು ಇನ್ನೊಂದು. ನಿಮ್ಮ ಕೋಡ್ ಎರಡನ್ನೂ ಒಂದೇ ಅಂದುಕೊಂಡಿದೆ.

7.0ರಿಂದ ಪಿಎಚ್‌ಪಿಯಲ್ಲಿ ?? ಅನ್ನುವ ಗುರುತು ಇದೆ. ಎಡಗಡೆ ಪೋಸ್ಟ್‌ನ ಕೀ, ಬಲಗಡೆ ನೀವು ಇಟ್ಟುಕೊಂಡ ಬೆಲೆ. ಕೀ ಇದ್ದರೆ ಅದು, ಇಲ್ಲದಿದ್ದರೆ ಇದು. ಇಸ್‌ಸೆಟ್ ಬರೆದು ಪ್ರಶ್ನಾರ್ಥಕ ಹಾಕಿ ಉದ್ದ ಮಾಡುವ ಕಾಲ ಹೋಯಿತು.

ಎಂಪ್ಟಿ ಅನ್ನುವ ಫಂಕ್ಷನ್ ಒಂದಿದೆ, ಅದರ ಸಹವಾಸ ಬೇಡ. ಅದರ ಕಣ್ಣಿಗೆ "0" ಕೂಡ ಖಾಲಿ. ನಾನೇ ಒಂದು ಜಾನುವಾರು ಲೆಕ್ಕದ ಫಾರ್ಮ್ ಬರೆದಿದ್ದೆ. "ಎಮ್ಮೆ ಎಷ್ಟು" ಅಂದರೆ ಜನ 0 ಅಂತ ತುಂಬುತ್ತಿದ್ದರು, ಪುಟ "ದಯವಿಟ್ಟು ಈ ಖಾನೆ ತುಂಬಿ" ಅನ್ನುತ್ತಿತ್ತು. ಕೊನೆಗೆ ಬೇಸತ್ತು ಎಲ್ಲರೂ 1 ಅಂತ ಹಾಕಿದರು. ಆ ಊರಿನಲ್ಲಿ ಇದ್ದಕ್ಕಿದ್ದಂತೆ ಮನೆಗೊಂದು ಎಮ್ಮೆ.

ಕೊಟ್ಟಿಗೆಮನೆ · 9:50

ಎಮ್ಮೆ ಕಥೆ ಓದಿ ನಗು ಬಂತು, ಆಮೇಲೆ ನಮ್ಮ ಕೋಡ್ ತೆರೆದು ನೋಡಿದೆ. ಎಂಪ್ಟಿ ಹನ್ನೊಂದು ಕಡೆ ಉಂಟು.

ತಳಿಯ ಟೈಪ್ ಎರರ್ ಎಂತದು ಸರ್?

ಸೆಮಿಕೋಲನ್ · 9:58

ಅದು ನಾನು ಹೇಳ್ತೀನಿ. ನಿಮ್ಮ ಫಾರ್ಮ್‌ನಲ್ಲಿ ಜೆರ್ಸಿ, ಎಚ್‌ಎಫ್, ಮಲೆನಾಡು ಗಿಡ್ಡ ಅಂತ ಹಲವು ಚೆಕ್‌ಬಾಕ್ಸ್ ಇರಬೇಕು, ಹೆಸರಿನ ಕೊನೆಗೆ [] ಇರಬೇಕು. ಆ ಚೌಕ ಆವರಣ ಕಂಡರೆ ಪಿಎಚ್‌ಪಿ ಅದನ್ನು ಸ್ಟ್ರಿಂಗ್ ಆಗಿ ಕೊಡಲ್ಲ, ಅರೇ, ಅಂದರೆ ಪಟ್ಟಿ, ಮಾಡಿ ಕೊಡುತ್ತೆ. ಅರೇಯನ್ನು ಟ್ರಿಮ್‌ಗೆ ಕೊಟ್ಟರೆ 7.4 ಗೊಣಗಿ ನಲ್ (ಏನೂ ಇಲ್ಲ) ವಾಪಸ್ ಕೊಡ್ತಿತ್ತು. 8 ನೇರವಾಗಿ ಕೆಲಸ ನಿಲ್ಲಿಸುತ್ತೆ. ಅಂದರೆ ಇಷ್ಟು ವರ್ಷ ತಳಿಯ ಕಾಲಂ ಖಾಲಿಯಾಗೇ ಸೇವ್ ಆಗ್ತಿತ್ತು. ಒಮ್ಮೆ ಡೇಟಾಬೇಸ್ ನೋಡಿ.

ಇನ್ನೊಂದು ವಿಷಯ ಇದರಲ್ಲೇ ಇದೆ. ನೀವು [] ಹಾಕಿರೋ ಖಾನೆಗಷ್ಟೇ ಅರೇ ಬರುತ್ತೆ ಅಂತಿಲ್ಲ. ಹೊರಗಿನವನು ನಿಮ್ಮ "ಹೆಸರು" ಖಾನೆಗೂ ಆವರಣ ಸೇರಿಸಿ ಕಳಿಸಬಹುದು, ಅದಕ್ಕೆ ಎರಡು ನಿಮಿಷ ಸಾಕು. ಹಾಗಾಗಿ ?? ಒಂದರಿಂದ ಆಗಲ್ಲ. ಬಂದಿದೆಯಾ ನೋಡಿದ ಮೇಲೆ ಇಸ್‌ಸ್ಟ್ರಿಂಗ್ ಹಾಕಿ ಸ್ಟ್ರಿಂಗ್ ಹೌದಾ ನೋಡಿ, ಆಮೇಲೆ ಟ್ರಿಮ್. ಈ ಮೂರು ಸಾಲನ್ನು ಒಂದು ಪುಟ್ಟ ಫಂಕ್ಷನ್ ಮಾಡಿಟ್ಟುಕೊಳ್ಳಿ, ಪೋಸ್ಟ್ ಅನ್ನೋ ಹೆಸರು ಆ ಫಂಕ್ಷನ್ ಬಿಟ್ಟು ಬೇರೆಲ್ಲೂ ಕಾಣಬಾರದು. ಅರೇ ಬೇಕಾದ ಕಡೆಗೆ ಬೇರೆ ಫಂಕ್ಷನ್: ಅರೇ ಹೌದಾ, ಒಳಗಿನ ಪ್ರತಿಯೊಂದೂ ನಾವು ಕೊಟ್ಟ ತಳಿಗಳ ಪಟ್ಟಿಯಲ್ಲಿದೆಯಾ. ಪಟ್ಟಿಯಲ್ಲಿಲ್ಲದ್ದು ಬಂದರೆ ಬಿಸಾಕಿ.

ಪಿಎಚ್‌ಪಿಗೆ ಮಾತ್ರ ಇರೋ ಕಾಯಿಲೆ ಅಲ್ಲ ಇದು. ಜಾವಾಸ್ಕ್ರಿಪ್ಟ್‌ನ ನೋಡ್‌ನಲ್ಲಿ ಎಕ್ಸ್‌ಪ್ರೆಸ್ ಅನ್ನೋ ಚೌಕಟ್ಟು ಬಳಸೋರು ಫಾರ್ಮ್‌ನಲ್ಲಿ ಬಂದದ್ದನ್ನು ಹಾಗೇ ಮೊಂಗೊಡಿಬಿ ಡೇಟಾಬೇಸಿನ ಕ್ವೆರಿಗೆ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಕೊಟ್ಟರೆ ಇದೇ ಆವರಣದ ಆಟ ಅಲ್ಲೂ ನಡೆಯುತ್ತೆ. ಪಾಸ್‌ವರ್ಡ್ ಖಾನೆಯ ಹೆಸರಿಗೆ [$ಎನ್‌ಇ] ಅಂತ ಬಾಲ ಅಂಟಿಸಿದರೆ "ಇದಕ್ಕೆ ಸಮ ಅಲ್ಲದ ಯಾವ ಪಾಸ್‌ವರ್ಡ್ ಆದರೂ ಸರಿ" ಅನ್ನೋ ಅರ್ಥ ಬಂದುಬಿಡುತ್ತೆ. ಅಲ್ಲೂ ಬೇಕಿದ್ದದ್ದು ಇಷ್ಟೇ, ಬಂದದ್ದು ಸ್ಟ್ರಿಂಗಾ ಅಂತ ಒಂದು ಸಾಲು.

ಕೊಟ್ಟಿಗೆಮನೆ · 10:04

ತಳಿ ಕಾಲಂ ನೋಡಿದೆ. 2011ರಿಂದ ಒಂದೇ ಒಂದು ತಳಿ ದಾಖಲಾಗಿಲ್ಲ. ಎಂತ ಹೇಳುವುದು.

ಜೋಳದರೊಟ್ಟಿ · 10:15

ಕೊಟ್ಟಿಗೆಮನೆಯವರ, ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ, ನಂದೂ ಒಂದ್ ಕೇಳ್ರಿ. ನಾ ಮೊದಲ ಕೆಲಸಕ್ಕ ಸೇರಿದ್ ಕಡೆ ಒಂದು ಅಂಗಡಿ ಸೈಟ್ ಮಾಡಿದ್ವಿ. ಸೀರಿ ಮಾರೋದು. ಫಾರ್ಮ್‌ನ್ಯಾಗ ಹಿಡನ್ ಖಾನೆ ಇಟ್ಟು ಅದರಾಗ ಸೀರಿ ರೇಟ್ ಬರದಿದ್ದೆ. ಹಿಡನ್ ಅಂದ್ರ ಯಾರಿಗೂ ಕಾಣಂಗಿಲ್ಲ ಅಂತ ನನ್ನ ಲೆಕ್ಕ. ಬ್ರೌಸರ್‌ನ್ಯಾಗ ಎಫ್12 ಒತ್ತಿದ್ರ ಎಲ್ಲಾ ಕಾಣತೈತಿ ಅನ್ನೋದು ಯಾರೋ ಒಬ್ಬಾತ 2,400 ರೂಪಾಯಿ ಸೀರಿಗೆ 1 ರೂಪಾಯಿ ಅಂತ ಆರ್ಡರ್ ಹಾಕಿದಾಗ ಗೊತ್ತಾತು. ಸೀರಿ ಪಾರ್ಸೆಲ್ ಆಗಿ ಹೋಗಿತ್ತು.

ಫಾರ್ಮ್‌ನ್ಯಾಗ ಬರಬೇಕಾದ್ದು ಸೀರಿ ನಂಬರ್ ಮತ್ತ ಎಷ್ಟು ಬೇಕು ಅಷ್ಟ. ರೇಟ್ ನಮ್ಮ ಡೇಟಾಬೇಸ್‌ನಿಂದ ತಗೀಬೇಕು. ರಿಕ್ವೈರ್ಡ್, ಮ್ಯಾಕ್ಸ್‌ಲೆಂತ್, ಡ್ರಾಪ್‌ಡೌನ್ ಇವೆಲ್ಲಾ ತುಂಬೋರಿಗೆ ಅನುಕೂಲ ಆಗ್ಲಿ ಅಂತ ಇರೋವು, ನಮಗ ಕಾವಲು ಅಲ್ಲ. ಡ್ರಾಪ್‌ಡೌನ್‌ನ್ಯಾಗ ಮೂರ ಆಯ್ಕೆ ಕೊಟ್ಟೀವಿ ಅಂತ ನಾಲ್ಕನೇದು ಬರಂಗಿಲ್ಲ ಅನ್ನಂಗಿಲ್ಲ.

ಮಸಾಲೆಪುರಿ · 10:19

ಆ ಸೀರೆ ಕಳಿಸಿದ ವಿಳಾಸ ಇದೆಯಾ ಅಕ್ಕ, ನಮ್ಮಮ್ಮಂಗೆ ಬೇಕಿತ್ತು.

ಸರಿ, @ ವಾಪಸ್ ತಗೊಂಡೆ. ಬೇರೆ ಐಡಿಯಾ: ಎಕ್ಸ್‌ಟ್ರಾಕ್ಟ್ ಅಂತ ಒಂದು ಫಂಕ್ಷನ್ ಇದೆ. ಪೋಸ್ಟ್ ಪೂರ್ತಿ ಕೊಟ್ಟರೆ ಖಾನೆಗಳೆಲ್ಲ ಅವುಗಳ ಹೆಸರಲ್ಲೇ ವೇರಿಯಬಲ್ ಆಗಿ ಸಿಗುತ್ತೆ. ಒಂದೇ ಸಾಲು.

ಹಳೇಸರ್ವರ್ · 10:37

ನಿಮ್ಮ ಎರಡನೇ ಐಡಿಯಾ ಮೊದಲನೆಯದಕ್ಕಿಂತ ಕೆಟ್ಟದ್ದು. ಇದನ್ನು ಭಾಷೆಯೇ ಒಂದು ಕಾಲದಲ್ಲಿ ಮಾಡುತ್ತಿತ್ತು. ರಿಜಿಸ್ಟರ್ ಗ್ಲೋಬಲ್ಸ್ ಅಂತ ಕರೆಯುತ್ತಿದ್ದರು. ವಿಳಾಸದ ಬಾಲಕ್ಕೆ "ಅಡ್ಮಿನ್=1" ಅಂತ ಸೇರಿಸಿದರೆ ಕೋಡಿನೊಳಗೆ ಅಡ್ಮಿನ್ ಅನ್ನುವ ವೇರಿಯಬಲ್ ಹುಟ್ಟಿಬಿಡುತ್ತಿತ್ತು. 2002ರಲ್ಲಿ, 4.2.0 ಆವೃತ್ತಿಯಲ್ಲಿ, ಅದನ್ನು ಡೀಫಾಲ್ಟ್ ಆಗಿ ಆಫ್ ಮಾಡಿದರು. 2012ರ 5.4ರಲ್ಲಿ ಕಿತ್ತೇ ಹಾಕಿದರು. ಕಿತ್ತು ಹಾಕಿದ್ದನ್ನು ನೀವು ಕೈಯಾರೆ ವಾಪಸ್ ನೆಡುತ್ತಿದ್ದೀರಿ.

ಇದರದೇ ತಮ್ಮನೊಬ್ಬ ಇದ್ದಾನೆ. ಪೋಸ್ಟ್‌ನಲ್ಲಿ ಬಂದ ಪ್ರತಿ ಕೀಯನ್ನೂ ಲೂಪ್ ಹಾಕಿ ಅದೇ ಹೆಸರಿನ ಕಾಲಂಗೆ ತುಂಬುವುದು. ಸದಸ್ಯರ ಫಾರ್ಮ್‌ನಲ್ಲಿ ಇಲ್ಲದ "ಬಾಕಿ_ಹಣ" ಅನ್ನುವ ಖಾನೆಯನ್ನು ಯಾರಾದರೂ ತಾವೇ ಸೇರಿಸಿ ಕಳಿಸಿದರೆ ಅದೂ ಸೇವ್ ಆಗುತ್ತದೆ. 2012ರ ಮಾರ್ಚ್‌ನಲ್ಲಿ ಜನ ತಮ್ಮ ಕೋಡ್ ಇಡುವ ಗಿಟ್‌ಹಬ್‌ನಂಥ ತಾಣದಲ್ಲೇ ಹೀಗಾಯಿತು. ಆ ತಾಣ ಕಟ್ಟಿದ್ದ ರೈಲ್ಸ್ ಅನ್ನುವ ಚೌಕಟ್ಟಿನ ಇದೇ ದೌರ್ಬಲ್ಯ ಬಳಸಿಕೊಂಡು ಒಬ್ಬ ತನ್ನ ಕೀಲಿಯನ್ನು ರೈಲ್ಸ್ ತಂಡದ ಖಾತೆಗೇ ಸೇರಿಸಿ, ಅವರ ಕೋಡಿಗೆ ಒಂದು ಕಮಿಟ್ (ಬದಲಾವಣೆ) ಹಾಕಿ ತೋರಿಸಿದ. ಮರುವರ್ಷ ಬಂದ ರೈಲ್ಸ್ 4ರಲ್ಲಿ ಯಾವ ಖಾನೆಗಳನ್ನು ಒಳಗೆ ಬಿಡಬೇಕು ಅನ್ನುವುದನ್ನು ಹೆಸರು ಹಿಡಿದು ಬರೆಯಲೇಬೇಕಾಯಿತು. ಹದಿನಾಲ್ಕು ಖಾನೆ ಇದ್ದರೆ ಹದಿನಾಲ್ಕು ಸಾಲು ಬರೆಯಿರಿ. ಕೈ ನೋಯುವುದಿಲ್ಲ.

ಕೊಟ್ಟಿಗೆಮನೆ · 10:42

ಹಾಗಾದರೆ ಆ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್? ಅದು ಎಲ್ಲದಕ್ಕೂ ಹಾಕಿದ್ದು ಒಳ್ಳೆಯದೇ ಅಲ್ಲವಾ? ನಾನು ಓದಿದ ಪಾಠಗಳೆಲ್ಲ ಹಾಗೆಯೇ ಹೇಳುತ್ತವೆ.

ಕಡಲತಡಿ · 10:49

ಆ ಪಾಠ ಬರೆದವರಿಗೆ ನಮ್ಮ ಕಡೆಯ ಡಿ'ಸೋಜ, ಡಿ'ಸಿಲ್ವ, ಡಿ'ಕುನ್ಹ ಸಿಗಲಿಲ್ಲ ಕಾಣುತ್ತದೆ. ನಾನು ಮಂಗಳೂರಿನಲ್ಲಿ ಒಂದು ಕಾಲೇಜಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವಳು, ಈ ಮೇಲುಗೀಟಿನ ಜೊತೆ ಹದಿನೈದು ವರ್ಷ ಸಂಸಾರ ಮಾಡಿದ್ದೇನೆ.

ಮೊದಲು ಮ್ಯಾಜಿಕ್ ಕೋಟ್ಸ್ ಅಂತ ಇತ್ತು. ಒಳಗೆ ಬರುವಾಗಲೇ ಪಿಎಚ್‌ಪಿ ತಾನಾಗಿ ಪ್ರತಿ ಮೇಲುಗೀಟಿನ ಹಿಂದೆ ಒಂದು ಓರೆಗೀಟು ಸೇರಿಸುತ್ತಿತ್ತು. ಎಸ್‌ಕ್ಯೂಎಲ್‌ಗೆ, ಅಂದರೆ ಡೇಟಾಬೇಸಿಗೆ ಕೊಡುವ ಆಜ್ಞೆಗೆ, ರಕ್ಷಣೆ ಅಂತ. ಅದರ ಮೇಲೆ ನಾವೂ ಒಮ್ಮೆ ಎಸ್ಕೇಪ್ ಮಾಡಿದರೆ (ಹಾಗೇ ಗೀಟು ಸೇರಿಸಿದರೆ) ಎರಡಾಗುತ್ತಿತ್ತು. ಹುಡುಗಿ ಒಮ್ಮೆ ತನ್ನ ವಿಳಾಸ ತಿದ್ದಿದರೆ ಹೆಸರು ಡಿ\\\'ಸೋಜ. ಬೇಲಿ ಹಾಕಿದ ಹಾಗೆ. 5.4ರಲ್ಲಿ ಅದನ್ನೂ ತೆಗೆದರು. ಈಗ ನೀವು ಮಾಡುತ್ತಿರುವುದು ಅದೇ, ಗೀಟು ಮಾತ್ರ ಬೇರೆ.

ನಿಮ್ಮ ಹಳೆಯ ಡಿ'ಸೋಜ ಸರಿ, ಹೊಸಬರು ಹಾಳು ಯಾಕೆ ಅಂತ ಕೇಳಿದ್ದಿರಲ್ಲ. 8.0ರವರೆಗೆ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಏನೂ ಹೇಳದಿದ್ದರೆ ಜೋಡಿ ಉದ್ಧರಣವನ್ನು ಮಾತ್ರ ಬದಲಿಸುತ್ತಿತ್ತು, ಒಂಟಿಯನ್ನು ಬಿಡುತ್ತಿತ್ತು. 8.1ರಿಂದ ಒಂಟಿಯನ್ನೂ ' ಮಾಡುತ್ತದೆ. ಪುಟದಲ್ಲಿ ತೋರಿಸುವಾಗ ಅದು ಒಳ್ಳೆಯ ಬದಲಾವಣೆಯೇ. ಆದರೆ ನೀವು ಅದನ್ನು ಡೇಟಾಬೇಸಿಗೆ ತುಂಬಿದ್ದೀರಿ. ಬ್ರೌಸರ್ ಅದನ್ನು ಬಿಡಿಸಿ ಸರಿಯಾಗಿ ತೋರಿಸಬಹುದು, ಪಾಸ್‌ಬುಕ್ ಪ್ರಿಂಟರಿಗೆ ಎಚ್‌ಟಿಎಂಎಲ್ ಎಲ್ಲಿ ಗೊತ್ತು? ಎಸ್ಸೆಮ್ಮೆಸ್ಸಿನಲ್ಲೂ ಹಾಗೆಯೇ ಹೋಗಿರುತ್ತದೆ. ಇನ್ನು ಯಾರಾದರೂ "ಡಿ'ಸೋಜ" ಅಂತ ಹುಡುಕಿದರೆ ಹಳಬರು ಸಿಗುತ್ತಾರೆ, ಹೊಸಬರು ಸಿಗುವುದಿಲ್ಲ.

ಬಂದದ್ದನ್ನು ಬಂದ ಹಾಗೇ ಇಟ್ಟುಕೊಳ್ಳಿ. ಪುಟಕ್ಕೆ ಬರೆಯುವ ಆ ಕ್ಷಣದಲ್ಲಿ ಎಚ್‌ಟಿಎಂಎಲ್‌ಗೆ ಬೇಕಾದ ವೇಷ ಹಾಕಿ. ಎಸ್‌ಕ್ಯೂಎಲ್‌ಗೆ ಹೋಗುವಾಗ ಅದರ ವೇಷ, ವಿಳಾಸದ ಬಾಲಕ್ಕೆ ಸೇರಿಸುವಾಗ ಅದರ ವೇಷ. ಯಾವ ರಂಗಕ್ಕೆ ಹೋಗುತ್ತದೆ ಅಂತ ಬಾಗಿಲಲ್ಲಿ ನಿಂತವನಿಗೆ ಗೊತ್ತಿರುವುದಿಲ್ಲ.

ಸೆಮಿಕೋಲನ್ · 10:55

ಮೊದಲ ಪೋಸ್ಟ್‌ನಲ್ಲಿ ಅವರ ಕೋಡನ್ನು ಈ ತಾಣ ನುಂಗಿತಲ್ಲ, ಅದೂ ಇದೇ ಕಾಯಿಲೆ. ಕೋನ ಆವರಣ ಕಂಡರೆ ಒಳಬರುವಾಗಲೇ ಕತ್ತರಿಸ್ತಾರೆ. ತೋರಿಸುವಾಗ ಎಸ್ಕೇಪ್ ಮಾಡಿದ್ದರೆ ನಾವು ಇಲ್ಲಿ ಕೋಡ್ ಹಾಕಿ ಮಾತಾಡಬಹುದಿತ್ತು. ಅಡ್ಮಿನ್ ಓದ್ತಿದ್ದರೆ ಗಮನಿಸಿ.

ಹಳೇಸರ್ವರ್ · 11:10

ಕಡಲತಡಿ ಮೇಡಂ ಹೇಳಿದ ಮೇಲೆ ನನಗೆ ಉಳಿದದ್ದು ಎಸ್‌ಕ್ಯೂಎಲ್ ಮಾತ್ರ. ಕೊಟ್ಟಿಗೆಮನೆಯವರೇ, ನಿಮ್ಮ ಕ್ವೆರಿಗಳು ಚುಕ್ಕಿ ಹಾಕಿ ಜೋಡಿಸಿದ ಸ್ಟ್ರಿಂಗ್‌ಗಳೇ?

ಕೊಟ್ಟಿಗೆಮನೆ · 11:12

ಹೌದು. ಮೈಎಸ್‌ಕ್ಯೂಎಲ್‌ಐ. ಎಲ್ಲದಕ್ಕೂ ರಿಯಲ್ ಎಸ್ಕೇಪ್ ಸ್ಟ್ರಿಂಗ್ ಉಂಟು. ಸದಸ್ಯ ಸಂಖ್ಯೆಗೂ ಉಂಟು.

ಹಳೇಸರ್ವರ್ · 11:26

ಸದಸ್ಯ ಸಂಖ್ಯೆಯ ಸುತ್ತ ಉದ್ಧರಣ ಇಲ್ಲ ಅಲ್ಲವೇ? ಸಂಖ್ಯೆ ತಾನೆ ಅಂತ ಬಿಟ್ಟಿರುತ್ತಾರೆ. ಎಸ್ಕೇಪ್ ಮಾಡುವುದು ಉದ್ಧರಣವನ್ನು. "0 ಆರ್ 1=1" ಅನ್ನುವುದರಲ್ಲಿ ಉದ್ಧರಣವೇ ಇಲ್ಲವಲ್ಲ, ಅದು ಹಾಗೇ ದಾಟಿ ಹೋಗುತ್ತದೆ. ಎಲ್ಲ ಸದಸ್ಯರ ಪಟ್ಟಿಯೂ ಹೊರಗೆ ಬಂತು ಅಂತ ಲೆಕ್ಕ.

ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ ಬನ್ನಿ. ಕ್ವೆರಿಯಲ್ಲಿ ಬೆಲೆಯ ಜಾಗಕ್ಕೆ ಬರೀ ಪ್ರಶ್ನೆ ಚಿಹ್ನೆ, ಬೆಲೆ ಬೇರೆಯಾಗಿ. ಬಂದದ್ದು ಏನೇ ಇರಲಿ ಅದು ಆಜ್ಞೆ ಆಗುವುದಿಲ್ಲ, ಮಾಹಿತಿಯಾಗಿಯೇ ಉಳಿಯುತ್ತದೆ. ಪ್ರಶ್ನೆ ಚಿಹ್ನೆ ಹಾಕಲಾಗದ ಒಂದು ಜಾಗ ಇದೆ: ಯಾವ ಕಾಲಂ ಹಿಡಿದು ವಿಂಗಡಿಸಬೇಕು ಅನ್ನುವುದು. ಅಲ್ಲಿ ಫಾರ್ಮ್‌ನಿಂದ ಬಂದ ಹೆಸರನ್ನು ನಿಮ್ಮ ಸ್ವಂತ ಪಟ್ಟಿಯ ಜೊತೆ ಹೋಲಿಸಿ, ಪಟ್ಟಿಯಲ್ಲಿರುವುದನ್ನೇ ಬಳಸಿ.

ಇದು ಹಳೆಯ ಕೋಡಿನ ವಿಷಯವಾದ್ದರಿಂದ ಹೇಳುತ್ತೇನೆ. 2015ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಕಂಪನಿಯಿಂದ 1,56,959 ಗ್ರಾಹಕರ ವಿವರ ಹೋಯಿತು, ಹೀಗೆ ಬೆಲೆಯ ಜಾಗದಲ್ಲಿ ಆಜ್ಞೆ ತೂರಿಸುವ ಎಸ್‌ಕ್ಯೂಎಲ್ ಇಂಜೆಕ್ಷನ್‌ನಿಂದ. ತೂತು ಇದ್ದದ್ದು ಅವರು 2009ರಲ್ಲಿ ಕೊಂಡುಕೊಂಡ ಇನ್ನೊಂದು ಕಂಪನಿಯ ಜೊತೆ ಬಂದ ಹಳೆಯ ಪುಟಗಳಲ್ಲಿ. ಆ ಪುಟಗಳು ಇನ್ನೂ ಬದುಕಿವೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಮರುವರ್ಷ 4 ಲಕ್ಷ ಪೌಂಡ್ ದಂಡ ಬಿತ್ತು. ನಿಮ್ಮ ಸರ್ವರಿನಲ್ಲೂ "ಹಳೆಯದು", "ಹೊಸದು2", "ಪರೀಕ್ಷೆ" ಅಂತ ಕಡತಗಳು ಇದ್ದೇ ಇರುತ್ತವೆ. ಅಳಿಸಿ.

ಹಾವಾಡಿಗ · 11:34

ತಡವಾಗಿ ಬಂದೆ. ನನ್ನದು ಪೈಥಾನ್, ಆದರೂ ಕೇಳ್ತೀನಿ: ನಿಮ್ಮ ಸದಸ್ಯರು ಅಂಕಿ ಯಾವುದರಲ್ಲಿ ಹಾಕ್ತಾರೆ? 3 ಅಂತಲೋ ೩ ಅಂತಲೋ?

ಕೊಟ್ಟಿಗೆಮನೆ · 11:36

ಕೆಲವರ ಮೊಬೈಲಿನ ಕನ್ನಡ ಕೀಬೋರ್ಡಿನಲ್ಲಿ ಕನ್ನಡ ಅಂಕಿಯೇ ಬರುವುದು. ಯಾಕೆ?

ಹಾವಾಡಿಗ · 11:47

ಪೈಥಾನ್‌ನಲ್ಲಿ ಇಂಟ್‌ಗೆ (ಪೂರ್ಣಾಂಕ ಮಾಡೋ ಫಂಕ್ಷನ್) "೧೨" ಕೊಟ್ಟರೆ 12 ಅಂತಲೇ ಓದುತ್ತೆ, ಅದಕ್ಕೆ ಯೂನಿಕೋಡ್ ಅಂಕಿ ಎಲ್ಲ ಗೊತ್ತು. ಪಿಎಚ್‌ಪಿಯಲ್ಲಿ ಇಂಟ್‌ಗೆ ಕಾಸ್ಟ್ ಮಾಡಿದರೆ, ಅಂದರೆ ಸ್ಟ್ರಿಂಗನ್ನು ಪೂರ್ಣಾಂಕ ಮಾಡಿದರೆ, "೧೨" ಸದ್ದಿಲ್ಲದೆ 0 ಆಗುತ್ತೆ. ದೂರಿಲ್ಲ, ವಾರ್ನಿಂಗ್ ಇಲ್ಲ. ಅದೇ "12ಕೆಜಿ" ಅಂತ ಬಂದರೆ 12 ಅಂತ ತಗೊಂಡು ಉಳಿದದ್ದು ಬಿಟ್ಟುಬಿಡುತ್ತೆ. ಕಾಸ್ಟ್ ಮಾಡೋದು ಅಂದರೆ ಪರೀಕ್ಷೆ ಮಾಡೋದಲ್ಲ, ಬಲವಂತ ಮಾಡೋದು.

ಫಿಲ್ಟರ್ ವ್ಯಾಲಿಡೇಟ್ ಇಂಟ್ ಅಂತ ಇದೆಯಲ್ಲ, ಅದನ್ನು ಬಳಸಿ. ಕನಿಷ್ಠ 0, ಗರಿಷ್ಠ 200 ದನ ಅಂತ ಮಿತಿಯನ್ನೂ ಅದಕ್ಕೇ ಕೊಡಬಹುದು. ಸರಿಯಿಲ್ಲದಿದ್ದರೆ ಫಾಲ್ಸ್ ಕೊಡುತ್ತೆ. ಆ ಫಾಲ್ಸನ್ನು ಮೂರು ಸಮಚಿಹ್ನೆ ಹಾಕಿ ಹೋಲಿಸಿ, ಇಲ್ಲದಿದ್ದರೆ ಸರಿಯಾದ 0 ಕೂಡ ತಪ್ಪು ಅನಿಸಿ ಮತ್ತೆ ಎಮ್ಮೆ ಕಥೆ. ಅದಕ್ಕೂ ಮುಂಚೆ ೦ದಿಂದ ೯ರವರೆಗೆ ಹತ್ತು ಅಂಕಿಗಳನ್ನು 0ದಿಂದ 9ಕ್ಕೆ ಬದಲಿಸೋ ಒಂದು ಸಾಲು ಹಾಕಿ, ಎಸ್‌ಟಿಆರ್‌ಟಿಆರ್ ಸಾಕು. ಕನ್ನಡ ಅಂಕಿ ಹಾಕಿದವರನ್ನು ತಪ್ಪು ಅಂತ ವಾಪಸ್ ಕಳಿಸಬೇಡಿ, ಅವರದೇನು ತಪ್ಪು?

ಫೋನ್ ನಂಬರಿಗೆ ಇದ್ಯಾವುದೂ ಬೇಡ. ಅದು ಸಂಖ್ಯೆ ಅಲ್ಲ, ಅಂಕಿಗಳಲ್ಲಿ ಬರೆದ ಹೆಸರು. ಇಂಟ್ ಮಾಡಿದರೆ 0824ರ ಮುಂದಿನ ಸೊನ್ನೆ ಹೋಗುತ್ತೆ. ನಿಮ್ಮ ಕಾಲಂ ಏನಾದರೂ ಮೈಎಸ್‌ಕ್ಯೂಎಲ್‌ನ ಇಂಟ್ ಆಗಿದ್ದು, ಸ್ಟ್ರಿಕ್ಟ್ ಮೋಡ್ (ಹಿಡಿಸದ ಬೆಲೆಯನ್ನು ತಡೆಯೋ ಸೆಟ್ಟಿಂಗ್) ಆಫ್ ಇದ್ದರೆ, ಹತ್ತಂಕಿಯ ಮೊಬೈಲ್ ನಂಬರೆಲ್ಲ 2147483647 ಆಗಿ ಕೂತಿರುತ್ತೆ. ಅದಕ್ಕಿಂತ ದೊಡ್ಡದು ಆ ಕಾಲಂನಲ್ಲಿ ಹಿಡಿಯಲ್ಲ.

ಕೊಟ್ಟಿಗೆಮನೆ · 11:58

ನಿಲ್ಲಿ, ನೋಡಿ ಬಂದೆ. ಫೋನ್ ಕಾಲಂ ಇಂಟ್ ಅಲ್ಲ, ಆದರೆ 2014ರ ಮೊದಲಿನ 41 ಜನರ ನಂಬರ್ 2147483647 ಅಂತಲೇ ಉಂಟು. ಮಧ್ಯದಲ್ಲಿ ಯಾರೋ ಕಾಲಂ ಬದಲಿಸಿದ್ದಾರೆ, ಹೋದ ನಂಬರ್ ಹೋಯಿತು. ಇನ್ನು "ದನ 0" ಅಂತ ಇರುವವರು 23 ಮನೆ. ಹಾಲು ಹಾಕುವವರು. ದನ ಇಲ್ಲದೆ ಹಾಲು ಎಲ್ಲಿಂದ ಬರುತ್ತದೆ!

ಕಡಲತಡಿ · ಮರುದಿನ ಬೆಳಿಗ್ಗೆ 7:30

ರಾತ್ರಿ ನಿದ್ದೆ ಮಾಡಿದಿರಾ ಇಲ್ಲವಾ?

ಹಾವಾಡಿಗ ಅಂಕಿ ಹೇಳಿದರು, ನಾನು ಅಕ್ಷರ ಹೇಳುತ್ತೇನೆ. ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕು ಅಂತ ರೆಜೆಕ್ಸ್ (ಅಕ್ಷರಗಳ ಮಾದರಿ ಹೊಂದುತ್ತದಾ ನೋಡುವ ಸೂತ್ರ) ಬರೆಯುವಾಗ ಯೂನಿಕೋಡಿನ "ಎಲ್" ವರ್ಗ ಮಾತ್ರ ಹಾಕುತ್ತಾರೆ. ಕಮಲ, ವನಜ ಒಳಗೆ ಹೋಗುತ್ತಾರೆ. ಕಾವೇರಿ, ಗಿರಿಜ ಹೊರಗೆ. ಯಾಕೆಂದರೆ ದೀರ್ಘ, ಗುಡಿಸು, ಏತ್ವ, ಒತ್ತಿಗೆ ಬೇಕಾದ ಹಲಂತ, ಸೊನ್ನೆ ಇವೆಲ್ಲ "ಎಂ" ಅನ್ನುವ ಬೇರೆ ವರ್ಗ. ಎರಡನ್ನೂ ಹಾಕಬೇಕು. ಅಷ್ಟು ಮಾಡಿದರೂ ರಾಜ್‌ಕುಮಾರ್ ಹೊರಗೇ ಉಳಿಯುತ್ತಾರೆ: ಜ್ ಮತ್ತು ಕು ಅಂಟಿಕೊಳ್ಳದ ಹಾಗೆ ನಡುವೆ ಒಂದು ಕಾಣದ ಅಕ್ಷರ ಇದೆ, ಝಡ್‌ಡಬ್ಲ್ಯುಎನ್‌ಜೆ. "ಕಾಣದ ಅಕ್ಷರ ಎಲ್ಲ ಕಿತ್ತುಹಾಕಿ, ಅಪಾಯ" ಅಂತ ಸಲಹೆ ಕೊಡುವವರಿದ್ದಾರೆ. ಕಿತ್ತರೆ ರಾಜ್ಕುಮಾರ್ ಆಗುತ್ತಾರೆ. ನಿಜ ಹೇಳಬೇಕೆಂದರೆ ಹೆಸರಿಗೆ ರೆಜೆಕ್ಸೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಸರಿಯಾದ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಹೌದಾ, ಖಾಲಿ ಅಲ್ಲ ತಾನೆ, ತೀರಾ ಉದ್ದ ಇಲ್ಲ ತಾನೆ. ಸಾಕು. ಮನುಷ್ಯರ ಹೆಸರು ಹೇಗಿರಬೇಕು ಅಂತ ಹೇಳಲು ನಾವು ಯಾರು?

ಉದ್ದ ಅಂದೆ. ಎಸ್‌ಟಿಆರ್‌ಲೆನ್ ಬೈಟ್ ಎಣಿಸುತ್ತದೆ. ಕೃಷ್ಣಮೂರ್ತಿ ನಮ್ಮ ಬಾಯಲ್ಲಿ ನಾಲ್ಕು ಅಕ್ಷರ, ಯೂನಿಕೋಡಿನಲ್ಲಿ 11, ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 33 ಬೈಟ್. ಮಿತಿ 30 ಅಂತ ಇಟ್ಟು ಸಬ್‌ಸ್ಟ್ರಿಂಗ್‌ನಲ್ಲಿ ಕತ್ತರಿಸಿದರೆ ಅವರು ಕೃಷ್ಣಮೂರ್ತ. 32ಕ್ಕೆ ಕತ್ತರಿಸಿದರೆ ಕೊನೆಯ ಅಕ್ಷರ ಒಡೆಯುತ್ತದೆ, ಹಳೆಯ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಅಂಥ ಒಡಕು ಸ್ಟ್ರಿಂಗ್ ಕಂಡರೆ ಪೂರ್ತಿ ಖಾಲಿ ವಾಪಸ್ ಕೊಡುತ್ತಿತ್ತು. ಹೆಸರೇ ಮಾಯ. ಎಂಬಿ ಅಂತ ಶುರುವಾಗುವ ಫಂಕ್ಷನ್‌ಗಳನ್ನು ಬಳಸಿ. ಕತ್ತರಿಸಲೂ ಬೇಡಿ, ಉದ್ದ ಆಯಿತು ಅಂತ ತುಂಬಿದವರಿಗೇ ಹೇಳಿ.

ಜೋಳದರೊಟ್ಟಿ · 8:05

ಹೌದ್ ನೋಡ್ರಿ, ಹೇಳಬೇಕು, ಆದ್ರ ಹೇಳೋವಾಗ ಅವರು ತುಂಬಿದ್ದನ್ನ ಅಳಿಸಬ್ಯಾಡ್ರಿ. ಹದಿನಾಲ್ಕು ಖಾನೆ ತುಂಬಿ, ಪಿನ್‌ಕೋಡ್ ಒಂದು ತಪ್ಪಾತು ಅಂತ ಎಲ್ಲಾ ಖಾಲಿ ಮಾಡಿ ವಾಪಸ್ ಕೊಟ್ರ ಯಾರಿಗೆ ಸಿಟ್ಟು ಬರಂಗಿಲ್ಲ? ಅವರು ಬರದದ್ದನ್ನ ಖಾನಿಯೊಳಗ ತಿರುಗಿ ಹಾಕ್ರಿ. ಅಲ್ಲೇ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಬೇಕು, ಮರೀಬ್ಯಾಡ್ರಿ. ತಪ್ಪು ಯಾವ ಖಾನ್ಯಾಗ ಐತಿ ಅಂತ ಅದರ ಬಾಜೂಕ ಕನ್ನಡದಾಗ ಬರೀರಿ.

ಎಲ್ಲಾ ಸರಿ ಇದ್ರ ಸೇವ್ ಮಾಡಿ ಬ್ಯಾರೆ ಪುಟಕ್ಕ ರೀಡೈರೆಕ್ಟ್ ಮಾಡ್ರಿ. ಇಲ್ಲಾಂದ್ರ ರಿಫ್ರೆಶ್ ಒತ್ತಿದಾಗೊಮ್ಮೆ ಒಬ್ಬ ಸದಸ್ಯ ಎರಡ್ ಆಗ್ತಾನ.

ಮೇಘದೂತ · 8:20

ಇಷ್ಟೆಲ್ಲ ಯಾಕೆ, ಲಾರವೆಲ್ ಅನ್ನೋ ಪಿಎಚ್‌ಪಿ ಚೌಕಟ್ಟಿಗೆ ಹೋಗಿ. ವ್ಯಾಲಿಡೇಶನ್, ಸಿಎಸ್‌ಆರ್‌ಎಫ್, ಎಸ್ಕೇಪಿಂಗ್ ಎಲ್ಲ ಅದೇ ನೋಡಿಕೊಳ್ಳುತ್ತೆ.

ಹಳೇಸರ್ವರ್ · 8:44

ಹೊಸದಾಗಿ ಬರೆಯುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಇವರದು ಬೆಳಿಗ್ಗೆ ಆರಕ್ಕೆ ಹಾಲು ಅಳೆಯುವ ಪುಟ, ನಾಳೆಯೂ ಆರಕ್ಕೆ ಓಡಬೇಕು. ಲಾರವೆಲ್‌ನಲ್ಲೂ ಬಂದದ್ದನ್ನೆಲ್ಲ ಹಾಗೇ ಮಾಡೆಲ್‌ಗೆ ಸುರಿಯುವವರನ್ನು ನೋಡಿದ್ದೇನೆ. ಚೌಕಟ್ಟು ಬಾಗಿಲು ಕೊಡುತ್ತದೆ, ಚಿಲಕ ನಾವೇ ಹಾಕಬೇಕು. ಸಿಎಸ್‌ಆರ್‌ಎಫ್ ನೆನಪಿಸಿದ್ದು ಒಳ್ಳೆಯದಾಯಿತು. ಕಾರ್ಯದರ್ಶಿ ಲಾಗಿನ್ ಆಗಿರುವಾಗ ಬೇರೆ ಯಾವುದೋ ಪುಟದಿಂದ ಅವರ ಬ್ರೌಸರ್ ಮೂಲಕವೇ ಈ ಫಾರ್ಮ್ ಕಳಿಸಬಹುದು. ಸೆಷನ್ನಿನಲ್ಲಿ ಒಂದು ಊಹಿಸಲಾಗದ ಟೋಕನ್ ಇಟ್ಟು, ಫಾರ್ಮ್‌ನಲ್ಲೂ ಅದನ್ನೇ ಕಳಿಸಿ, ಎರಡನ್ನೂ ಹೋಲಿಸಿ.

ಕೊಟ್ಟಿಗೆಮನೆ · ಸಂಜೆ 6:50

ರಜೆ ಹಾಕಿ ಕೂತು ಅರ್ಜಿಯ ಪುಟ ಮುಗಿಸಿದೆ. ಎಂಪ್ಟಿ ಹನ್ನೊಂದೂ ಹೋಯಿತು. ತಳಿ ಸೇವ್ ಆಗುತ್ತದೆ, ೩ ಅಂತ ಹಾಕಿದರೆ 3 ಆಗುತ್ತದೆ.

ಒಂದು ಉಳಿದಿದೆ. ದಿನದ ಲೆಕ್ಕದ ಪುಟಕ್ಕೆ ಟೋಕನ್ ಹಾಕಿದೆ, ಫಾರ್ಮಿನ ಕೊನೆಯಲ್ಲಿ. ಅರ್ಜಿಯಲ್ಲಿ ಕೆಲಸ ಮಾಡುತ್ತದೆ, ಇಲ್ಲಿ "ಟೋಕನ್ ಬಂದಿಲ್ಲ" ಅನ್ನುತ್ತದೆ. ಹಾಗೆ ನೋಡಿದರೆ ಈ ಪುಟದಲ್ಲಿ ಮೊದಲಿನಿಂದಲೂ ಕೊನೆಯ ಹದಿನೈದಿಪ್ಪತ್ತು ಜನರ ಹಾಲು ಸೇರುವುದಿಲ್ಲ. ಕಾರ್ಯದರ್ಶಿಗಳು ಅದನ್ನು ಎರಡನೇ ಸಲ ತುಂಬುತ್ತಾರೆ, "ಕಂಪ್ಯೂಟರಿಗೆ ಸುಸ್ತಾಗುತ್ತದೆ" ಅನ್ನುತ್ತಾರೆ.

ಸೆಮಿಕೋಲನ್ · 7:02

ಎಷ್ಟು ಸದಸ್ಯರು? ಒಬ್ಬರಿಗೆ ಎಷ್ಟು ಖಾನೆ?

ಕೊಟ್ಟಿಗೆಮನೆ · 7:04

350. ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್.

ಸೆಮಿಕೋಲನ್ · 7:15

350ಕ್ಕೆ ಮೂರರಂತೆ 1,050. ಪಿಎಚ್‌ಪಿಯಲ್ಲಿ ಮ್ಯಾಕ್ಸ್ ಇನ್‌ಪುಟ್ ವಾರ್ಸ್ ಅಂತ ಒಂದು ಮಿತಿ ಇದೆ, ಡೀಫಾಲ್ಟ್ 1,000. ಅದರಾಚೆ ಬಂದದ್ದನ್ನು ಬಿಸಾಕುತ್ತೆ. ಲಾಗ್‌ನಲ್ಲಿ ಒಂದು ವಾರ್ನಿಂಗ್ ಬಿಟ್ಟರೆ ಯಾರಿಗೂ ಹೇಳಲ್ಲ. ಸುಮ್ಮನೆ ಇಟ್ಟ ಮಿತಿ ಅಲ್ಲ ಅದು. ಹ್ಯಾಶ್‌ಗಳು (ಹೆಸರಿನಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆಗಳು) ಡಿಕ್ಕಿಯಾಗೋ ಹಾಗೆ ಆರಿಸಿದ ಸಾವಿರಾರು ಹೆಸರುಗಳನ್ನು ಒಂದೇ ಫಾರ್ಮ್‌ನಲ್ಲಿ ಕಳಿಸಿ ಸರ್ವರನ್ನು ಉಸಿರುಗಟ್ಟಿಸಬಹುದು ಅಂತ 2011ರ ಕೊನೆಯಲ್ಲಿ ತೋರಿಸಿದರು, ಅದಕ್ಕೆ 5.3.9ರಲ್ಲಿ ಈ ಬೀಗ ಬಂತು.

ನಿಮ್ಮ ಟೋಕನ್ 1,051ನೇದು. ಅದನ್ನು ಫಾರ್ಮಿನ ತಲೆಗೆ ಹಾಕಿ. ಮಿತಿಯನ್ನು 2,000 ಮಾಡಿ, ಆಗದಿದ್ದರೆ ಪುಟಕ್ಕೆ 100 ಸದಸ್ಯರಂತೆ ಒಡೆಯಿರಿ. "ಒಟ್ಟು ಸಾಲು ಇಷ್ಟು" ಅಂತ ಮೊದಲ ಖಾನೆಯಲ್ಲೇ ಕಳಿಸಿ, ಬಂದದ್ದು ಅಷ್ಟೇ ಇದೆಯಾ ಎಣಿಸಿ, ಕಡಿಮೆ ಇದ್ದರೆ ಒಂದನ್ನೂ ಸೇವ್ ಮಾಡಬೇಡಿ. ಇದರ ಅಣ್ಣ ಪೋಸ್ಟ್ ಮ್ಯಾಕ್ಸ್ ಸೈಜ್, ಡೀಫಾಲ್ಟ್ 8 ಎಂಬಿ. ಯಾರಾದರೂ ಅದಕ್ಕಿಂತ ದೊಡ್ಡ ಫೋಟೋ ಹಾಕಿದರೆ ಪೋಸ್ಟ್ ಪೂರ್ತಿ ಖಾಲಿ ಬರುತ್ತೆ, ನೀವು "ಹೆಸರು ತುಂಬಿ" ಅಂತ ಬೈತೀರಿ.

ಕೊಟ್ಟಿಗೆಮನೆ · ರಾತ್ರಿ 8:31

ಆಯಿತು! 350 ಜನರೂ ಒಂದೇ ಸಲಕ್ಕೆ. ಕಾರ್ಯದರ್ಶಿಗಳಿಗೆ ಫೋನ್ ಮಾಡಿ ಹೇಳಿದರೆ ನಂಬುತ್ತಿಲ್ಲ, ನಾಳೆ ಬೆಳಿಗ್ಗೆ ಪುನಃ ಎರಡು ಸಲ ತುಂಬಿ ನೋಡುತ್ತಾರಂತೆ.

ಹಾಳಾದ ಡಿ'ಸೋಜಗಳನ್ನು ಸರಿ ಮಾಡಲು ಎಂತ ಮಾಡಲಿ? ಒಟ್ಟು ಆರು ಜನ.

ಕಡಲತಡಿ · 8:40

ಆರೇ ಜನ ಆದರೆ ಕೈಯಲ್ಲೇ ತಿದ್ದಿ. ಸ್ಕ್ರಿಪ್ಟ್ ಬರೆಯುವುದಾದರೆ ಮೊದಲು ಬ್ಯಾಕಪ್. ಡಿಕೋಡ್ ಒಂದೇ ಸಲ ಓಡಿಸಿ, ಅದೂ ಈ ವಾರದ ಸಾಲುಗಳಿಗೆ ಮಾತ್ರ ಅಲ್ಲ: ಹಳೆಯ ವಿಳಾಸಗಳಲ್ಲಿ "ಮತ್ತು" ಚಿಹ್ನೆ, ಜೋಡಿ ಉದ್ಧರಣ 2011ರಿಂದಲೇ ಹಾಳಾಗಿರುತ್ತವೆ.

ಕೊಟ್ಟಿಗೆಮನೆ · 8:52

ಸರಿ, ಕೈಯಲ್ಲೇ ತಿದ್ದುತ್ತೇನೆ. ವಿಳಾಸ ಭಾನುವಾರ. ನಾಳೆಯಿಂದ ಆ 23 ಮನೆಗೆ ಫೋನ್ ಮಾಡಿ ದನ ಎಷ್ಟು ಅಂತ ಕೇಳಬೇಕು.

ಮಸಾಲೆಪುರಿ · 8:53

2147483647ಗೆ ಮಾತ್ರ ಮಾಡ್ಬೇಡ ಗುರು, 41 ಜನ ಒಟ್ಟಿಗೆ ಎತ್ತುತ್ತಾರೆ.